ನಿಮ್ಮ ಮನೆಯ ಮೆಷಿನ್ ಯಾಕೆ ನಿಂತಿತು

ಕುದೂರು
9 ಅಕ್ಟೋಬರ್ 2025

ಖುರ್ಷಿದಾ,

ಅಂಚೆ ಕಚೇರಿಗೆ ಹೋಗಿ ಒಂದು ಕವರ್ ಕೊಡಿ ಎಂದರೆ ಅಲ್ಲಿದ್ದವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಕೋರ್ಟ್ ಕೆಲ್ಸಕ್ಕೇನವ್ವ?" ಎಂದರು. ಗೆಳತಿಗೆ ಬರೆಯಬೇಕು ಎಂದೆ. "ಫೋನ್ ಇಲ್ವಾ ಅವ್ರಿಗೆ?" ಎಂದರು. ಫೋನ್ ಇದೆ, ಅದರಲ್ಲಿ ನನ್ನ ನಂಬರನ್ನು ಬ್ಲಾಕ್ ಮಾಡಿಕೊಂಡು ಕೂತಿದ್ದಾಳೆ ಎಂದು ಹೇಳುವುದಕ್ಕಾಗುತ್ತದೆಯೇ? ನಕ್ಕು, ಕವರ್ ತೆಗೆದುಕೊಂಡು ಬಂದೆ.

ಈ ಕಾಗದವನ್ನು ನಿಮ್ಮ ಮನೆಯಲ್ಲಿ ಮೊದಲು ಒಡೆಯುವವರು ಯಾರೋ ಗೊತ್ತಿಲ್ಲ. ಹಬೀಬ್ ಅಂಕಲ್ ಓದಿದರೂ ತಿಳಿಯಲಿ ಎಂದು ಎಲ್ಲವನ್ನೂ ಬಿಡಿಸಿ ಬರೆಯುತ್ತೇನೆ. ನಿನಗೆ ಗೊತ್ತಿರುವುದನ್ನೇ ಕೊರೆಯುತ್ತಾಳೆ ಎಂದು ಬೈದುಕೊಳ್ಳಬೇಡ.

ಅಂಕಲ್, ಕಾಲೇಜಿನ ಕೊನೆಯ ವರ್ಷದ ಪ್ರಾಜೆಕ್ಟಿಗೆಂದು ನಾವಿಬ್ಬರೂ ಮಾಡುತ್ತಿದ್ದುದು ಇಷ್ಟು. ರೇಷ್ಮೆ ಹುಳುಗಳ ಸಾವಿರಾರು ಫೋಟೋ ನೋಡಿ, ಯಾವ ಹುಳುವಿಗೆ ರೋಗ ತಗುಲಿದೆ ಎಂದು ಗುರುತಿಸಲು ಕಲಿಯುವ ಒಂದು ಪ್ರೋಗ್ರಾಂ. ಕಲಿಯುವುದೆಂದರೆ ವಾರಗಟ್ಟಲೆ ಲೆಕ್ಕ ಹಾಕುವುದು. ಅದು ಒಂದು ಕಂಪ್ಯೂಟರಿನಿಂದ ಆಗುವ ಕೆಲಸವಲ್ಲ, ದೊಡ್ಡದನ್ನು ಬಾಡಿಗೆಗೆ ಹಿಡಿಯುವ ಯೋಗ್ಯತೆ ನಮಗಿಲ್ಲ. ಅದಕ್ಕೇ ಕೆಲಸವನ್ನು ಎಳೆ ಎಳೆಯಾಗಿ ಬಿಡಿಸಿ ಐದು ಊರುಗಳಿಗೆ ಹಂಚಿದೆವು. ಕುದೂರಿನಲ್ಲಿ ನಮ್ಮ ಸ್ವಾಮಿ ಮಾವನ ಜೆರಾಕ್ಸ್ ಅಂಗಡಿ, ಕನಕಪುರದಲ್ಲಿ ಪ್ರಕಾಶಣ್ಣನ ಫೋಟೋ ಸ್ಟುಡಿಯೋ, ಬೈರಾಪಟ್ಟಣದಲ್ಲಿ ನಮ್ಮ ಅಂಕಮ್ಮ ದೊಡ್ಡಮ್ಮ ನೋಡಿಕೊಳ್ಳುವ ಹಾಲಿನ ಡೈರಿ, ರಾಮನಗರದಲ್ಲಿ ಕಾಲೇಜಿನ ಲ್ಯಾಬ್, ಚನ್ನಪಟ್ಟಣದಲ್ಲಿ ನಿಮ್ಮ ಬೊಂಬೆ ಕಾರ್ಖಾನೆ. ಒಂದೊಂದು ಕಂಪ್ಯೂಟರಿನ ಒಳಗೂ ಒಂದೊಂದು ನಕಲಿ ಕಂಪ್ಯೂಟರ್ ಕೂರಿಸಿದೆವು. ವರ್ಚುವಲ್ ಮೆಷಿನ್ ಎನ್ನುತ್ತಾರೆ. ಹೊರಗೆ ಅಂಗಡಿಯವರ ಬಿಲ್ಲು, ಜಾತಕ, ಮದುವೆ ಫೋಟೋ. ಒಳಗೆ ನಮ್ಮ ಹುಳು. ಐದರಲ್ಲಿ ಯಜಮಾನ ಎಂಬುದು ಯಾವುದೂ ಇಲ್ಲ, ಎಲ್ಲವೂ ಸರಿಸಮ. ಒಂದನ್ನು ಆರಿಸಿದರೆ ಅದರಲ್ಲಿದ್ದ ಎಳೆಗಳು ಗಂಟುಮೂಟೆ ಕಟ್ಟಿಕೊಂಡು, ಎದ್ದಿರುವ ಇನ್ನೊಂದರಲ್ಲಿ ಹೋಗಿ ಸೇರಿಕೊಂಡು ಬಿಟ್ಟಲ್ಲಿಂದ ಕೆಲಸ ಮುಂದುವರಿಸುತ್ತವೆ. ಆ ಭಾಗ ಬರೆದವಳು ನಿಮ್ಮ ಮಗಳು. ಅಷ್ಟು ಚೊಕ್ಕವಾಗಿ ಬರೆಯಲು ನನ್ನಿಂದ ಈ ಜನ್ಮದಲ್ಲಿ ಆಗುವುದಿಲ್ಲ.

ಯಾರ ಡಿಸ್ಕಿನಲ್ಲೂ ಒಂದು ಫೈಲೂ ಉಳಿಸುವುದಿಲ್ಲ ಎಂದು ಅಂಗಡಿಯವರಿಗೆ ಮಾತು ಕೊಟ್ಟಿದ್ದೆವು. ಹಾಗಾಗಿ ಕಲಿತದ್ದೆಲ್ಲ ಓಡುವ ಮೆಷಿನ್ನುಗಳ ನೆನಪಿನಲ್ಲಿ ಮಾತ್ರ ಇತ್ತು. ಐದರಲ್ಲಿ ಒಂದಾದರೂ ಎದ್ದಿದ್ದರೆ ಸಾಕಿತ್ತು.

ಆಯುಧಪೂಜೆ ಬಂತಲ್ಲ. ಅವತ್ತು ಎಲ್ಲರೂ ಕಂಪ್ಯೂಟರ್ ಒರೆಸಿ, ಆರಿಸಿ, ಕುಂಕುಮ ಇಟ್ಟು ಹೂ ಮುಡಿಸಿಬಿಡುತ್ತಾರೆ ಎಂದು ನನಗೆ ಗೊತ್ತಿತ್ತು. ನೀನು ಹಿಂದಿನ ವಾರವೇ ಕೇಳಿದೆ, "ಹಬ್ಬದ ದಿನಕ್ಕೆ ಏನೇ ಮಾಡೋದು?" ಎಂದು. "ನಾನ್ ನೋಡ್ಕೋತೀನಿ ಬಿಡು" ಎಂದೆ. ನೋಡಿಕೊಂಡೆ ಕೂಡ. ಹಿಂದಿನ ಸಂಜೆಯೇ, ಹೇಗೂ ಆರುತ್ತವಲ್ಲ ಎಂದು ಉಳಿದ ನಾಲ್ಕೂ ಮೆಷಿನ್ನುಗಳನ್ನು ಐದರ ಬಳಗದಿಂದ ತೆಗೆದು, ಎಲ್ಲ ಎಳೆಗಳನ್ನೂ ನಿಮ್ಮ ಮನೆಗೆ ಕಳಿಸಿದೆ. ನಿಮ್ಮಲ್ಲಿ ಆ ಹಬ್ಬ ಇಲ್ಲವಲ್ಲ, ನಿಮ್ಮದು ಓಡುತ್ತಿರುತ್ತದೆ ಎಂಬ ಧೈರ್ಯ.

ಹಬ್ಬದ ಮಾರನೆಯ ದಿನ ನೋಡಿದರೆ ಏನೂ ಇಲ್ಲ. ಗಾಬರಿಯಾಗಿ ಸ್ವಾಮಿ ಮಾವನ ಅಂಗಡಿಯಿಂದ ನಿನಗೆ ಫೋನ್ ಮಾಡಿದೆ. "ಆಫ್ ಮಾಡುದ್ವಿ ಕಣೆ, ಪೂಜೆ ಇತ್ತಲ್ಲ" ಎಂದೆ ನೀನು. "ನಿಮ್ಗ್ಯಾವ ಆಯುಧಪೂಜೆ? ಸುಳ್ ಹೇಳ್ಬೇಡ, ಏನಾಯ್ತು ಹೇಳು" ಎಂದೆ ನಾನು. ಸ್ಪೀಕರ್ ಹಾಕಿತ್ತು, ಮಾವ ನಕ್ಕುಬಿಟ್ಟರು. ಅಷ್ಟೇ ನಡೆದದ್ದು. ಅದಾದ ಮೇಲೆ ನಿನ್ನ ಸುದ್ದಿಯಿಲ್ಲ. ಪ್ರಾಜೆಕ್ಟ್ ಬಿಟ್ಟರೆ ಈಗ ತರಗತಿಗಳಿಲ್ಲ, ಕಾಲೇಜಿನಲ್ಲೂ ನೀನು ಸಿಗುವುದಿಲ್ಲ. ವಾರಗಟ್ಟಲೆಯ ಕೆಲಸ ಕಳೆದುಕೊಂಡವಳು ನಾನೂ ಹೌದಲ್ಲವೇ? ಕೋಪ ಮಾಡಿಕೊಳ್ಳಬೇಕಾದವಳು ನಾನೋ ನೀನೋ ಎಂಬುದೇ ತಿಳಿಯುತ್ತಿಲ್ಲ.

ಕರೆಂಟ್ ಹೋಗಿತ್ತೇ? ಯಾರಾದರೂ ವೈರು ಎಡವಿದರೇ? ಯಾಕೆ ನಿಂತಿತು, ಅಷ್ಟು ಬರೆದು ಕಳಿಸು.

ನಿನ್ನ ಗೊಂದಲದ ಗೆಳತಿ,
ಧನುಶ್ರೀ


ಕುದೂರು
28 ಅಕ್ಟೋಬರ್ 2025

ಖುರ್ಷಿದಾ,

ದೀಪಾವಳಿ ಕಳೆದ ಮೇಲೆ ನಾನು ನಿಮ್ಮ ಮನೆಗೆ ಬಂದಿದ್ದೆ. ನಿನಗೆ ಗೊತ್ತು; ಒಳಕೋಣೆಯ ಪರದೆಯ ಕೆಳಗೆ ನಿನ್ನ ಕಾಲು ಕಂಡಿತು. ಆದರೂ ಬರೆಯುತ್ತೇನೆ.

ಹಬೀಬ್ ಅಂಕಲ್ ಟೀ ಕೊಟ್ಟರು. ಆ ಮೇಲೆ ಏನು ಮಾತಾಡಬೇಕೋ ತೋಚದೆ ಇನ್ನೊಂದು ಟೀ ಕೊಟ್ಟರು. ಕಾರ್ಖಾನೆಯಲ್ಲಿ ಕೆಂಚಯ್ಯನವರು ಮರ ಕಡೆಯುವ ಲೇತ್ ಮುಂದೆ ಕೂತು ಗಿಲಕಿಯೊಂದಕ್ಕೆ ಅರಗು ಹಚ್ಚುತ್ತಿದ್ದರು. ನಿಮ್ಮ ಮನೆಯ ಹಳೆಯ ಆಳು, ನಿನ್ನನ್ನು ಎತ್ತಿ ಆಡಿಸಿದವರು, ಅವರಾದರೂ ಹೇಳಿಯಾರು ಎಂದು ಹತ್ತಿರ ಕೂತೆ.

"ಕೆಂಚಯ್ಯೋರೆ, ಖುರ್ಷಿದಾಗೆ ನನ್ಮೇಲೆ ಯಾಕ್ ಕೋಪ?"

"ನಂಗೇನ್ ಗೊತ್ತವ್ವ. ನೀವ್ ಓದ್ದೋರು. ಮಾತಾಡೋ ಮುಂಚೆ ಒಸಿ ನೋಡ್ಬೇಕಪ್ಪ."

"ಏನ್ ನೋಡ್ಬೇಕು?"

"ಏನೋ. ಕಣ್ಮುಂದೆ ಏನೈತೋ ಅದ್ನ."

ನೋಡಿದೆ. ಬಾಗಿಲ ಕಂಬಕ್ಕೆ ಒಣಗಿದ ಬಾಳೆಕಂದು ಕಟ್ಟಿತ್ತು, ಕೆಂಚಯ್ಯನವರು ತಮ್ಮ ಸಮಾಧಾನಕ್ಕೆ ಕಟ್ಟಿಕೊಂಡಿರಬೇಕು. ಲೇತ್‌ಗಳ ಮೇಲೆ ಕೆಂಪು ಬೊಟ್ಟುಗಳಿದ್ದವು, ಅರಗು ಚೆಲ್ಲಿರಬೇಕು. ಕಂಪ್ಯೂಟರ್ ತನ್ನ ಪಾಡಿಗೆ ಮೂಲೆಯಲ್ಲಿತ್ತು. ನೋಡಲು ಇನ್ನೇನಿದೆ? ಅವರಿಗೂ ವಯಸ್ಸಾಯಿತು, ಏನೋ ಒಗಟು ಮಾತಾಡುತ್ತಾರೆ.

ಮನೆಗೆ ಬಂದು, ಪ್ರೋಗ್ರಾಂ ಅವತ್ತು ನನ್ನ ಇ-ಮೇಲಿಗೆ ಕಳಿಸಿದ್ದ ಚೂರುಪಾರು ವರದಿಗಳನ್ನು ಸ್ವಾಮಿ ಮಾವನ ಕಂಪ್ಯೂಟರಿನಲ್ಲಿ ತೆರೆದು ಓದಿದೆ. ನಿಮ್ಮ ಮೆಷಿನ್ ಕರೆಂಟ್ ಹೋಗಿ ಸತ್ತದ್ದಲ್ಲ. ಯಾರೋ ಕೈಯಾರೆ, ಸರಿಯಾದ ಕ್ರಮದಲ್ಲಿ ಆರಿಸಿದ್ದಾರೆ. ನಿನ್ನ ಪ್ರೋಗ್ರಾಂ ಪಾಪ ಕೊನೆಯವರೆಗೂ ಎಳೆಗಳಿಗೆ ಜಾಗ ಹುಡುಕಿದೆ. ಎದ್ದಿರುವವರು ಯಾರು, ಎದ್ದಿರುವವರು ಯಾರು ಎಂದು ಮತ್ತೆ ಮತ್ತೆ ಕೇಳಿದೆ. ಯಾರೂ ಉತ್ತರ ಕೊಟ್ಟಿಲ್ಲ.

ಆರಿಸಿದವರು ಯಾರು? ಅಂಕಲ್‌ಗೆ ಈ ಕೆಲಸ ಇಷ್ಟವಿರಲಿಲ್ಲವೇ? ನಿನಗೆ ಮದುವೆ ಗೊತ್ತಾಗಿದೆಯೇ, ಅದನ್ನು ನನಗೆ ಹೇಳಲಾಗದೆ ಹೀಗೆ ಮಾಡುತ್ತಿದ್ದೀಯಾ? ರಾತ್ರಿಯೆಲ್ಲ ಇಂಥವೇ ಯೋಚನೆ. ನಮ್ಮಮ್ಮ "ಆ ಹುಡ್ಗಿ ಒಳ್ಳೇದು, ನೀನೇ ಏನೋ ಅಂದಿರ್ತೀಯ" ಎನ್ನುತ್ತಾಳೆ. ಏನೆಂದೆ ಎಂದು ಕೇಳಿದರೆ ಅವಳಿಗೂ ಗೊತ್ತಿಲ್ಲ.

ರಾಮಲಿಂಗಯ್ಯ ಸರ್ ಪ್ರಾಜೆಕ್ಟ್ ತೋರಿಸಲು ಫೆಬ್ರವರಿ ಹದಿನಾರರವರೆಗೆ ಸಮಯ ಕೊಟ್ಟಿದ್ದಾರೆ. ಮತ್ತೆ ಮೊದಲಿನಿಂದ ಶುರುಮಾಡಿದರೆ ಆಗುತ್ತದೆ. ಒಬ್ಬಳೇ ಶುರುಮಾಡಲು ಮನಸ್ಸಿಲ್ಲ.

ಧನುಶ್ರೀ


ಚನ್ನಪಟ್ಟಣ
10 ನವೆಂಬರ್ 2025

ಮಗಳು ಧನುಶ್ರೀಗೆ ಹಬೀಬನ ದುವಾಗಳು. ನಿಮ್ಮ ತಾಯಿಯವರಿಗೂ ಸ್ವಾಮಿಯವರಿಗೂ ನನ್ನ ನಮಸ್ಕಾರ ತಿಳಿಸುವುದು.

ನಾನು ಕಾಗದ ಬರೆದು ಬಹಳ ಕಾಲವಾಯಿತು, ತಪ್ಪಿದ್ದರೆ ಮನ್ನಿಸು. ನಿನ್ನ ಎರಡೂ ಪತ್ರ ನಾನೇ ಮೊದಲು ಓದಿದೆ. ಖುರ್ಷಿದಾಗೆ ಕೊಟ್ಟೆ, ಓದಿದಳು, ಮಡಿಸಿ ಇಟ್ಟಳು. ನೀವು ಬರೆಯಬೇಡಿ ಅಬ್ಬ ಎಂದಳು. ಆದರೆ ನನ್ನ ಕಾರ್ಖಾನೆಯ ಮೆಷಿನ್ನಿನಿಂದ ಎರಡು ಮಕ್ಕಳ ಕೆಲಸ ಕೆಟ್ಟಿತು ಎಂದ ಮೇಲೆ ನಾನು ಸುಮ್ಮನಿರುವುದು ಸರಿಯಲ್ಲ ಎಂದು ಬರೆಯುತ್ತಿದ್ದೇನೆ.

ಕಂಪ್ಯೂಟರ್ ಆರಿಸಲು ಹೇಳಿದವನು ನಾನು. ಅವತ್ತು ನಮ್ಮಲ್ಲಿ ಆಯುಧಪೂಜೆ ಇತ್ತು. ನಮ್ಮ ತಂದೆ ಇಮಾಮ್ ಸಾಬರು ಲೇತ್ ಹಾಕಿದ ದಿನದಿಂದಲೂ ಇದೆ. ಅವತ್ತು ಉಳಿ ಮುಟ್ಟುವುದಿಲ್ಲ, ಲೇತ್ ತಿರುಗಿಸುವುದಿಲ್ಲ. ಕೆಂಚಯ್ಯ ಕುಂಕುಮ ಇಟ್ಟು, ಬೂದುಗುಂಬಳ ಒಡೆದು, ಕರ್ಪೂರ ಹಚ್ಚುತ್ತಾನೆ. ನಾನು ಕೆಲಸದವರಿಗೆಲ್ಲ ಬಟ್ಟೆ ಕೊಟ್ಟು ಕಡ್ಲೆಪುರಿ ಹಂಚುತ್ತೇನೆ. ಪೂಜೆ ಅವನದು, ಪುರಿ ನನ್ನದು. ವರ್ಷವೆಲ್ಲ ಅನ್ನ ಕೊಡುವ ಉಳಿಗೆ ಒಂದು ದಿನ ವಿಶ್ರಾಂತಿ ಕೊಡುವುದರಲ್ಲಿ ತಪ್ಪೇನಿದೆ ಎಂದು ನಮ್ಮ ತಂದೆ ಹೇಳುತ್ತಿದ್ದರು. ಕಂಪ್ಯೂಟರ್ ಬಂದ ವರ್ಷ "ಇದೂ ಆಯುಧನೇ ಕಣಪ್ಪ" ಎಂದು ಕೆಂಚಯ್ಯ ಅದಕ್ಕೂ ಬೊಟ್ಟು ಇಟ್ಟ. ಆವತ್ತಿನಿಂದ ಅದಕ್ಕೂ ರಜೆ. ಈ ಸಲ ಆರಿಸಿ ಹೂ ಇಟ್ಟವಳು ಖುರ್ಷಿದಾ.

ಆರಿಸುವ ಮೊದಲು ನಾನು ಕೇಳಿದೆ, ನಿಮ್ಮ ಹುಳುವಿನ ಕೆಲಸ ನಡೀತಿದೆಯಲ್ಲ ಮಗಳೇ ಎಂದು. "ಧನು ನೋಡ್ಕೋತೀನಿ ಅಂದವ್ಳೆ ಅಬ್ಬ, ಬೇರೆ ಕಡೆ ಇಟ್ಟಿರ್ತಾಳೆ" ಎಂದಳು. ನಿಮ್ಮ ಎಳೆಗಳೆಲ್ಲ ನಮ್ಮ ಮನೆಗೇ ಬಂದು ಕೂತಿವೆ ಎಂದು ನಮಗೆ ಯಾರು ಹೇಳಬೇಕಿತ್ತು? ಬೈಯುತ್ತಿಲ್ಲ, ನನಗೆ ಅರ್ಥವಾಗದೆ ಕೇಳುತ್ತಿದ್ದೇನೆ.

ನೀನು ಬಂದಾಗ ನನಗೆ ಹೇಳಲು ಬಾಯಿ ಬರಲಿಲ್ಲ. ನೀವಿಬ್ಬರೂ ಚೆನ್ನಾಗಿರಿ.

ಹಬೀಬ್


ಕುದೂರು
16 ನವೆಂಬರ್ 2025

ಪ್ರೀತಿಯ ಖುರ್ಷಿದಾ,

ಅಂಕಲ್ ಕಾಗದ ಬಂತು. ಅಬ್ಬಾ, ಒಂದು ಹೊರೆ ಇಳಿದಂತಾಯಿತು. ಹಾಗಾದರೆ ನೀನು ಸುಳ್ಳು ಹೇಳಿರಲಿಲ್ಲ. ನಿಮ್ಮಲ್ಲೂ ಪೂಜೆ ಮಾಡುತ್ತಾರೆ ಎಂದು ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಕ್ಷಮಿಸು. ಯಾರ ತಪ್ಪೂ ಅಲ್ಲ, ತಿಳಿಯದೆ ಆದದ್ದು. ಮುಗಿಯಿತಲ್ಲ?

ಇನ್ನು ಮುಂದೆ ಹೀಗಾಗದಂತೆ ಒಂದು ಉಪಾಯ ಮಾಡಿದ್ದೇನೆ. ಅಂಗಡಿಯವರನ್ನು ಒಪ್ಪಿಸಿ ಆಗಾಗ ಡಿಸ್ಕಿನಲ್ಲಿ ಒಂದು ಪ್ರತಿ ಇಡೋಣ. ಜೊತೆಗೆ, ಯಾವ ಹಬ್ಬಕ್ಕೆ ಯಾವ ಮೆಷಿನ್ ಮಲಗುತ್ತದೆ ಎಂದು ಮೊದಲೇ ಪ್ರೋಗ್ರಾಮಿಗೆ ಹೇಳಿಬಿಡೋಣ. ಕುದೂರು, ಕನಕಪುರ, ಬೈರಾಪಟ್ಟಣ ಮೂರಕ್ಕೂ ನಮ್ಮ ಹಬ್ಬಗಳನ್ನೆಲ್ಲ ಬರೆದಾಯಿತು. ಚನ್ನಪಟ್ಟಣದ ಎದುರು ರಂಜಾನ್, ಬಕ್ರೀದ್ ಎಂದು ಹಾಕಿ ಆಯುಧಪೂಜೆ ಎಂದೂ ಸೇರಿಸಿದ್ದೇನೆ. ನಿಮ್ಮವು ಇನ್ನೇನಾದರೂ ಇದ್ದರೆ ಬರೆದು ಕಳಿಸು, ಒಂದೇ ಸಲ ತುಂಬಿಬಿಡುತ್ತೇನೆ.

ಮುಂದಿನ ಸೋಮವಾರ ಕಾಲೇಜಿಗೆ ಬರುತ್ತೀಯಲ್ಲ?

ನಿನ್ನ,
ಧನು


ಚನ್ನಪಟ್ಟಣ
5 ಡಿಸೆಂಬರ್ 2025

ಧನುಶ್ರೀ,

ಹಬ್ಬಗಳ ಪಟ್ಟಿ ಕೇಳಿದ್ದೀಯ. ಕಳಿಸುವುದಿಲ್ಲ.

ಬರೆಯುವುದೇ ಬೇಡ ಎಂದಿದ್ದೆ. ಆದರೆ ನಿನ್ನ ಕೊನೆಯ ಕಾಗದ ಓದಿ, ನಾನು ಹೀಗೇ ಬಾಯಿಮುಚ್ಚಿಕೊಂಡಿದ್ದರೆ ಎಲ್ಲ ಸರಿಹೋಯಿತೆಂದು ನೀನೇ ತೀರ್ಮಾನ ಮಾಡಿ ಮುಗಿಸಿಬಿಡುತ್ತೀಯ ಎನಿಸಿತು. ಅದಕ್ಕೆ ಬರೆಯುತ್ತಿದ್ದೇನೆ.

ನೀನು ಪಿಯುಸಿಯಿಂದ ನಮ್ಮ ಮನೆಗೆ ಬರುತ್ತಿದ್ದೀಯ. ನಮ್ಮಮ್ಮನ ಕೈಯ ಸೇವಿಗೆ ತಿಂದಿದ್ದೀಯ. ಕೆಂಚಯ್ಯನವರ ಹತ್ತಿರ ಲೇತ್ ತಿರುಗಿಸುವುದನ್ನು ಕಲಿಯುತ್ತೇನೆಂದು ಕೂತು ಬೆರಳು ಕುಯ್ದುಕೊಂಡಿದ್ದೀಯ. ಆಯುಧಪೂಜೆಯ ದಿನ ನೀನು ಬಂದಿಲ್ಲ, ನಿಮ್ಮ ಮನೆಯಲ್ಲೂ ಹಬ್ಬವಿರುತ್ತದೆ. ನೋಡಿಲ್ಲದ್ದು ಗೊತ್ತಿಲ್ಲ, ಅದು ತಪ್ಪಲ್ಲ. ಆದರೆ ಎಲ್ಲ ಎಳೆಗಳನ್ನೂ ನಮ್ಮ ಮನೆಗೆ ಕಳಿಸುವಾಗ "ಅವತ್ತು ನಿಮ್ಮದು ಎದ್ದಿರುತ್ತಾ?" ಎಂದು ಒಂದು ಮಾತು ಕೇಳಬಹುದಿತ್ತು. ನೀನು ಕೇಳಲಿಲ್ಲ. ನಾನು ಎಂಥವಳು ಎಂಬುದು ನಿನಗೆ ನನ್ನನ್ನು ಕೇಳದೆಯೇ ಗೊತ್ತಿತ್ತು. ಆಮೇಲೆ ನಾನು ಬಾಯಿಬಿಟ್ಟು ಹೇಳಿದಾಗಲೂ ನಂಬಲಿಲ್ಲ. "ನಿಮ್ಗ್ಯಾವ ಆಯುಧಪೂಜೆ" ಎಂದೆ. ನಿಮ್ಮ ಮಾವ ನಕ್ಕರು. ನಾನು ಫೋನ್ ಹಿಡಿದುಕೊಂಡು ಆ ನಗುವನ್ನು ಕೇಳಿದೆ.

ಇಷ್ಟು ಬರೆದ ಮೇಲೂ ನನಗೇ ಸರಿಯಾಗಿ ಗೊತ್ತಾಗುತ್ತಿಲ್ಲ, ಇಷ್ಟೊಂದು ಯಾಕೆ ನೋವಾಯಿತು ಎಂದು. ನೀನು ಕೆಟ್ಟದ್ದೇನೂ ಅಂದಿಲ್ಲ. ಬೇರೆ ಯಾರೋ ಅಂದಿದ್ದರೆ ನಾನೂ ನಕ್ಕುಬಿಡುತ್ತಿದ್ದೆ. ರಾಮನಗರದಲ್ಲಿರುವ ನಮ್ಮ ಫುಪ್ಪು ಇದ್ದಾರಲ್ಲ, ಅಬ್ಬನ ಅಕ್ಕ, ಅವರು ಪ್ರತಿವರ್ಷ ಆ ದಿನ ಬಂದು ಅಬ್ಬನಿಗೆ ಬೈಯುತ್ತಾರೆ. ನಮಗ್ಯಾಕೆ ಇದು, ನಮ್ಮದಲ್ಲ ಇದು ಎನ್ನುತ್ತಾರೆ. ಅಬ್ಬ ತಮ್ಮ ಪಾಡಿಗೆ ಪುರಿ ಹಂಚುತ್ತಾರೆ. ಈ ಸಲ ಅಬ್ಬನ ಪರವಾಗಿ ನಾನು ಮಾತಾಡಿದೆ. ಇದು ನಮ್ಮ ಕಾರ್ಖಾನೆಯದು ಫುಪ್ಪು, ನಮ್ಮ ತಾತನದು, ನಮ್ಮದೇ ಎಂದೆ. ಅವರು ಊಟವೂ ಮಾಡದೆ ಹೊರಟುಹೋದರು. ಮಾರನೆಯ ದಿನ ನಿನ್ನ ಫೋನ್ ಬಂತು, ನೀನೂ ಅದನ್ನೇ ಅಂದೆ. ನಿಮ್ಮದಲ್ಲ ಎಂದು. ಆ ಕಡೆಯವರೂ ಅಲ್ಲ ಎನ್ನುತ್ತಾರೆ, ಈ ಕಡೆಯವರೂ ಅಲ್ಲ ಎನ್ನುತ್ತಾರೆ. ನಾನು ಎಲ್ಲಿ ನಿಲ್ಲಬೇಕು ಹೇಳು.

ಈಗ ಪಟ್ಟಿಯಲ್ಲಿ ನಮ್ಮ ಊರಿನ ಎದುರು ಮೂರು ಹಬ್ಬ ಬರೆದು, ಇನ್ನೇನಾದರೂ ಇದ್ದರೆ ತುಂಬಿಕೊಡು ಎನ್ನುತ್ತೀಯ. ಮೊದಲಿನ ಊಹೆ ತಪ್ಪಾಯಿತು, ಇನ್ನೊಂದು ಊಹೆ ತಂದಿದ್ದೀಯ. ಬಕ್ರೀದ್ ದಿನ ನಮ್ಮಲ್ಲಿ ಕಂಪ್ಯೂಟರ್ ಆರಿಸುವುದಿಲ್ಲ. ಅವತ್ತು ನನ್ನ ತಮ್ಮಂದಿರೆಲ್ಲ ಸೇರಿ ಅದರಲ್ಲಿ ಆಟ ಆಡುತ್ತಾರೆ. ಇದೂ ನಿನಗೆ ಗೊತ್ತಿಲ್ಲ, ಕೇಳಿಲ್ಲ.

ನನ್ನನ್ನು ಬೇರೆ ಗುಂಪಿಗೆ ಹಾಕಿ ಎಂದು ರಾಮಲಿಂಗಯ್ಯ ಸರ್‌ಗೆ ಹೇಳಿದ್ದೇನೆ. ಪ್ರೋಗ್ರಾಮಿನಲ್ಲಿ ನಾನು ಬರೆದದ್ದನ್ನು ನೀನೇ ಇಟ್ಟುಕೋ.

ಖುರ್ಷಿದಾ


ಕುದೂರು
4 ಜನವರಿ 2026

ಖುರ್ಷಿದಾ,

ಒಂದು ತಿಂಗಳು ಬರೆಯಲಿಲ್ಲ. ಬರೆದದ್ದನ್ನೆಲ್ಲ ಹರಿದೆ. ಪ್ರತಿಸಲವೂ ಮೂರನೆಯ ಸಾಲಿಗೆ ಬರುವ ಹೊತ್ತಿಗೆ ನಾನು ನಿನಗೆ ಏನನ್ನೋ ವಿವರಿಸುತ್ತಿರುತ್ತಿದ್ದೆ.

ಆ ಪಟ್ಟಿಯನ್ನು ಅಳಿಸಿದೆ. ಆಮೇಲೆ ನನಗೆ ಗೊತ್ತಿದೆ ಎಂದುಕೊಂಡಿದ್ದ ಮನೆಗಳಿಗೇ ಹೋಗಿ ಕೇಳಿಕೊಂಡು ಬರೋಣ ಎನಿಸಿತು. ನಿಮ್ಮ ಮೆಷಿನ್ ಯಾವಾಗ ಮಲಗುತ್ತದೆ, ಯಾವಾಗ ಏಳುತ್ತದೆ ಎಂದು. ಬುದ್ಧಿ ಕೆಟ್ಟಿದೆಯೇನೋ ಎನ್ನುವಂತೆ ಎಲ್ಲರೂ ನನ್ನನ್ನು ನೋಡಿದರು.

ಸ್ವಾಮಿ ಮಾವ ಅಮಾವಾಸ್ಯೆಯ ದಿನ ಅಂಗಡಿ ತೆರೆಯುವುದಿಲ್ಲ. ಅವರ ತೊಡೆಯ ಮೇಲೆ ಬೆಳೆದವಳು ನಾನು, ಇವತ್ತಿನವರೆಗೂ ಗಮನಿಸಿರಲಿಲ್ಲ. ಕನಕಪುರದ ಪ್ರಕಾಶಣ್ಣ ಆಯುಧಪೂಜೆಗೆ ಕ್ಯಾಮೆರಾ ಇಡುತ್ತಾರಂತೆ, ಕಂಪ್ಯೂಟರ್ ಅಲ್ಲ. "ಅವತ್ ಆರ್ಸಿದ್ದು ಪೂಜೆಗಲ್ಲಮ್ಮ, ಅಳಿಯನ ಮನೇಗ್ ಹೊಂಟಿದ್ದೆ" ಎಂದರು.

ಆಮೇಲೆ ಬೈರಾಪಟ್ಟಣಕ್ಕೆ ಹೋದೆ. ಅಂಕಮ್ಮ ದೊಡ್ಡಮ್ಮ ಎಂದರೆ ನಮ್ಮಮ್ಮನ ಸ್ವಂತ ಅಕ್ಕ. ಸಂಜೆಯ ಹಾಲು ಅಳೆಯುತ್ತಿದ್ದರು. ಕ್ಯಾನು ಹಿಡಿದು ಸಾಲು ನಿಂತಿತ್ತು, ಅವರು ಒಬ್ಬೊಬ್ಬರ ಹೆಸರನ್ನೂ ಕಂಪ್ಯೂಟರಿಗೆ ಹಾಕುತ್ತಿದ್ದರು.

"ದೊಡ್ಡಮ್ಮ, ಆಯುಧಪೂಜೆ ದಿನ ಇದನ್ನ ಆರಿಸಿದ್ರಲ್ಲ?"

"ಯಾಕ್ ಆರ್ಸಾನೆ? ಹಸ ಹಬ್ಬ ಅಂತ ಹಾಲ್ ಕೊಡ್ದೆ ಕೂತ್ಕತದಾ? ಕುಂಕುಮ ಇಕ್ಕಿ, ಹೂ ಮಡಿಗಿ, ಅದ್ರಾಗೇ ಎಲ್ಡೊತ್ತೂ ಅಳ್ದಿವ್ನಿ."

"ಪೂರ್ತಿ ದಿನ ಆನ್ ಇತ್ತಾ?"

"ಇತ್ತು ಕಣ್ ಮಗ. ನೀನ್ ಕೇಳಿದ್ರೆ ಹೇಳ್ತಿರ್ನಿಲ್ವಾ?"

ಖುರ್ಷಿದಾ, ಒಂದು ಮೆಷಿನ್ ಎದ್ದಿತ್ತು. ನಿನ್ನ ಪ್ರೋಗ್ರಾಂ ಎದ್ದಿರುವವರು ಯಾರು ಎಂದು ಹುಡುಕುತ್ತಿದ್ದ ಹೊತ್ತಿನಲ್ಲಿ ಬೈರಾಪಟ್ಟಣದಲ್ಲಿ ಹಾಲು ಅಳೆಯುತ್ತಿದ್ದರು. ಹಿಂದಿನ ಸಂಜೆ ಅದನ್ನು ಬಳಗದಿಂದ ತೆಗೆದುಹಾಕಿದ್ದು ನಾನು. ತೆಗೆಯದೇ ಇದ್ದಿದ್ದರೆ ಎಳೆಗಳು ತಾವಾಗಿಯೇ ಅಲ್ಲಿಗೆ ಹೋಗಿ ಸೇರಿಕೊಳ್ಳುತ್ತಿದ್ದವು, ನೀನು ಬರೆದಿದ್ದೇ ಹಾಗೆ. ನಾನು ಏನೂ ನೋಡಿಕೊಳ್ಳದೆ ಸುಮ್ಮನೆ ಮಲಗಿದ್ದರೂ ಕೆಲಸ ಉಳಿಯುತ್ತಿತ್ತು.

ದೊಡ್ಡಮ್ಮ ಕೊಟ್ಟ ಹಾಲು ಕುಡಿಯದೆ ಕೂತಿದ್ದೆ. "ಯಾಕ್ ಮಗ ಅಳ್ತಿದ್ದೀಯ?" ಎಂದರು. ನಮ್ಮವರು ಎಂದುಕೊಂಡವರ ಬಗ್ಗೆಯೂ ತಿಳಿದಿರಲಿಲ್ಲ, ನಿನ್ನ ಬಗ್ಗೆಯೂ ತಿಳಿದಿರಲಿಲ್ಲ, ಎರಡನ್ನೂ ತಿಳಿದವಳ ಹಾಗೆ ಐದು ಊರಿನ ಲೆಕ್ಕ ಕಟ್ಟಿದ್ದೆ.

ನನಗೆ ನಾಚಿಕೆಯಾಗಿದೆ. ಫೋನಿನಲ್ಲಿ ಆ ಮಾತು ಅಂದದ್ದಕ್ಕೆ, ಮಾವ ನಕ್ಕಾಗ ಸುಮ್ಮನಿದ್ದದ್ದಕ್ಕೆ. ಮಾವನಿಗೂ ಹೇಳಿದೆ. "ನಾನೇನೋ ತಮಾಸೆ ಅಂದ್ಕಂಡೆ" ಎಂದು ತಲೆ ಕೆರೆದುಕೊಂಡರು. ಅವರನ್ನು ಬೈಯುವ ಹಕ್ಕು ನನಗಿಲ್ಲ, ನಾನೂ ಹಾಗೆಯೇ ಅಂದುಕೊಂಡಿದ್ದೆ.

ಎಲ್ಲರ ಮನೆಗೂ ಹೋಗಿ ಕೇಳಿದೆ. ನಿಮ್ಮ ಮನೆ ಒಂದು ಉಳಿದಿದೆ. ಬಸ್ ಹತ್ತಿ ಬರಲು ಧೈರ್ಯ ಸಾಲದು.

ಕೆಲಸವನ್ನು ಮತ್ತೆ ಮೊದಲಿನಿಂದ ಓಡಿಸಲು ಶುರುಮಾಡಿದ್ದೇನೆ. ಚನ್ನಪಟ್ಟಣವನ್ನು ಬಳಗದಿಂದ ತೆಗೆದಿಲ್ಲ. ಅಲ್ಲಿಗೆ ಏನನ್ನೂ ಕಳಿಸಿಯೂ ಇಲ್ಲ.

ಧನು


ಚನ್ನಪಟ್ಟಣ
18 ಜನವರಿ 2026

ಧನು,

ನಿಮ್ಮ ದೊಡ್ಡಮ್ಮನ ಮಾತನ್ನು ಅಬ್ಬನಿಗೆ ಓದಿ ಹೇಳಿದೆ. ಹಸು ಹಬ್ಬ ಅಂತ ಕೂತ್ಕೊಳ್ಳುತ್ತಾ ಎಂದು ಹೇಳಿ ಹೇಳಿ ನಕ್ಕರು. ಕೆಂಚಯ್ಯನವರು ಮಾತ್ರ ನಗಲಿಲ್ಲ, ಅಂಥ ದಿನ ಕೆಲಸ ಮಾಡಬಾರದು ಎಂದರು. ಹಸು ಆಯುಧವೋ ಅಲ್ಲವೋ ಎಂದು ಅಬ್ಬನಿಗೂ ಅವರಿಗೂ ಒಂದು ಮಧ್ಯಾಹ್ನವೆಲ್ಲ ವಾದವಾಯಿತು. ಇಬ್ಬರೂ ಗೆಲ್ಲಲಿಲ್ಲ.

ನನಗೂ ನಗು ಬಂತು. ನಕ್ಕ ಮೇಲೆ ಕೋಪ ಹೋಗಿರುತ್ತದೆ ಎಂದುಕೊಂಡು ನೋಡಿದೆ, ಇನ್ನೂ ಇತ್ತು. ಅದು ನಿನ್ನ ಮೇಲೋ, ಫುಪ್ಪು ಮೇಲೋ, ನಿನ್ನನ್ನು ಏನೂ ಕೇಳದೆ ಫೋನ್ ಬ್ಲಾಕ್ ಮಾಡಿ ಪರದೆಯ ಹಿಂದೆ ನಿಂತ ನನ್ನ ಮೇಲೋ, ಬಿಡಿಸಿ ಹೇಳಲು ಬರುತ್ತಿಲ್ಲ. ನೀನು ಅವತ್ತು ಎರಡನೆಯ ಟೀ ಕುಡಿಯುತ್ತಿದ್ದಾಗ ಹೊರಗೆ ಬರಬೇಕು ಅನಿಸಿತು. ಬರಲಿಲ್ಲ.

ಫುಪ್ಪು ಸಂಕ್ರಾಂತಿಯ ಹೊತ್ತಿಗೆ ಬಂದಿದ್ದರು. ಆಯುಧಪೂಜೆಯ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅಡುಗೆಮನೆಯಲ್ಲಿ ಅವರ ಪಕ್ಕ ಕೂತು ಈರುಳ್ಳಿ ಹೆಚ್ಚಿದೆ. ಇಷ್ಟರಲ್ಲಿ ರಾಜಿಯಾಯಿತೇ ಎಂದರೆ ಅದೂ ಗೊತ್ತಿಲ್ಲ.

ಫೆಬ್ರವರಿ ಹದಿನಾರು ಹತ್ತಿರ ಬಂತು. ನಾಲ್ಕು ಮೆಷಿನ್ನಿನಲ್ಲಿ ಕೆಲಸ ಮುಗಿಯುವುದು ಕಷ್ಟ. ಅದಕ್ಕೆ ನಮ್ಮದನ್ನು ನಿನ್ನೆಯಿಂದ ಹಗಲು ರಾತ್ರಿ ಹಚ್ಚಿಟ್ಟಿದ್ದೇವೆ. ಹುಡುಗರು ಮುಟ್ಟದಂತೆ ಅಬ್ಬ ಅದರ ಮುಂದೆ ಸ್ಟೂಲ್ ಅಡ್ಡ ಇಟ್ಟಿದ್ದಾರೆ. ಎಷ್ಟು ಎಳೆ ಬೇಕಾದರೂ ಕಳಿಸು. ಪ್ರಾಜೆಕ್ಟಿನಲ್ಲಿ ನನ್ನ ಹೆಸರು ಮಾತ್ರ ಬೇಡ. ನಿನ್ನ ಪಕ್ಕದಲ್ಲಿ ನಿಂತು ಸರ್‌ಗೆ ವಿವರಿಸುವ ಮನಸ್ಸು ನನಗೆ ಇನ್ನೂ ಬಂದಿಲ್ಲ.

ಖುರ್ಷಿದಾ


ಕುದೂರು
1 ಫೆಬ್ರವರಿ 2026

ಖುರ್ಷಿದಾ,

ಕೆಲಸ ಮುಗಿಯಿತು. ನಿನ್ನೆ ಸ್ವಾಮಿ ಮಾವನ ಅಂಗಡಿಯಲ್ಲಿ, ಯಾರದೋ ಆಧಾರ್ ಕಾರ್ಡು ಜೆರಾಕ್ಸ್ ಆಗುತ್ತಿದ್ದಾಗ.

ಪ್ರೋಗ್ರಾಮನ್ನು ನಮ್ಮೂರಿನ ಮುನಿಯಪ್ಪನವರ ಹುಳು ಮನೆಗೆ ತೆಗೆದುಕೊಂಡು ಹೋಗಿ ಹೊಸ ಫೋಟೋ ತೋರಿಸಿದೆ. ಸುಣ್ಣಕಟ್ಟು ರೋಗ ಹಿಡಿದದ್ದನ್ನು ಚೆನ್ನಾಗಿ ಗುರುತಿಸುತ್ತದೆ. ಆದರೆ ಪೊರೆ ಬಿಡಲು, ರೈತರು ಜ್ವರ ಎನ್ನುವ ನಿದ್ದೆಗೆ ಕೂತ ಹುಳುವನ್ನೂ ರೋಗದ ಹುಳು ಎನ್ನುತ್ತದೆ. ಸೊಪ್ಪು ಮುಟ್ಟದೆ ತಲೆಯೆತ್ತಿ ಸುಮ್ಮನೆ ಕೂತದ್ದನ್ನೆಲ್ಲ ಕಾಯಿಲೆ ಎಂದುಕೊಳ್ಳುತ್ತದೆ. ಮುನಿಯಪ್ಪನವರು "ಅದ್ ಚೆನ್ನಾಗೇ ಐತಲ್ಲವ್ವ, ನಾಳೆ ಏಳ್ತದೆ" ಎಂದು ನಕ್ಕರು. ಆ ಭಾಗ ಬರೆದ ನನ್ನ ಬುದ್ಧಿಯೇ ಅದಕ್ಕೂ ಬಂದಿದೆ. ತಿದ್ದಬೇಕು. ಹೇಗೆ ತಿದ್ದುವುದೆಂದು ಗೊತ್ತಿಲ್ಲ.

ನಿಮ್ಮ ಮೆಷಿನ್ನಿನ ವಿಷಯ. ಅದು ಬಳಗಕ್ಕೆ ಬಂದು ಸೇರಿದ್ದನ್ನು ಆವತ್ತೇ ನೋಡಿದೆ. ಪರದೆಯ ಮೇಲೆ ಚನ್ನಪಟ್ಟಣ ಎಂಬ ಹೆಸರು ಹಸಿರಾಯಿತು. ಆದರೆ ಒಂದು ಎಳೆಯನ್ನೂ ಅಲ್ಲಿಗೆ ಕಳಿಸಲಿಲ್ಲ. ಕಳಿಸಿದ್ದರೆ ಕೆಲಸ ಬೇಗ ಆಗುತ್ತಿತ್ತು. ಉಳಿದ ನಾಲ್ಕರಲ್ಲಿ ದೊಡ್ಡಮ್ಮನ ಡೈರಿಯನ್ನೇ ಹೆಚ್ಚಾಗಿ ನಂಬಿಕೊಂಡು, ಲ್ಯಾಬಿನವರ ಕೈಕಾಲು ಹಿಡಿದು ರಜೆಯಲ್ಲೂ ಎರಡು ಕಂಪ್ಯೂಟರ್ ಓಡಿಸಿ, ಹೇಗೋ ಮುಗಿಸಿದೆ. ನೀನು ಇಲ್ಲದೆ ನಿಮ್ಮ ಮನೆಯ ಮೆಷಿನ್ ಬಳಸಿಕೊಳ್ಳುವುದು ನನ್ನಿಂದ ಆಗಲಿಲ್ಲ. ಮೊದಲ ಸಲ ಮಾಡಿದ್ದೂ ಅದನ್ನೇ ಅಲ್ಲವೇ?

ಅಂಕಲ್‌ಗೆ ಸ್ಟೂಲ್ ತೆಗೆಯಲು ಹೇಳು. ಹುಡುಗರು ಆಡಿಕೊಳ್ಳಲಿ. ನಿಮ್ಮ ಮೆಷಿನ್ ಬೇಕಾಗಿಲ್ಲ, ಪ್ರಾಜೆಕ್ಟಿಗೆ ಅದರ ಅಗತ್ಯ ಮುಗಿಯಿತು. ನಿನ್ನ ಪ್ರೋಗ್ರಾಂ ಕೂಡ ನೀನು ಬರದಿದ್ದರೂ ಓಡುತ್ತದೆ, ಅಷ್ಟು ಚೆನ್ನಾಗಿ ಬರೆದಿದ್ದೀಯ. ಪ್ರಾಜೆಕ್ಟಿನಲ್ಲಿ ಹೆಸರುಗಳನ್ನು ಹದಿನಾರನೆಯ ತಾರೀಖಿನವರೆಗೂ ತಿದ್ದಬಹುದು ಎಂದು ಸರ್ ಹೇಳಿದ್ದಾರೆ. ನನ್ನ ಹೆಸರಿನ ಪಕ್ಕ ನಿನ್ನದಕ್ಕೆಂದು ಜಾಗ ಖಾಲಿ ಬಿಟ್ಟಿದ್ದೇನೆ. ಅದು ನಿನಗೆ ಬಿಟ್ಟದ್ದು.

ನನಗೆ ಬೇಕಾಗಿರುವುದು ನೀನು. ಯಾವ ಕೆಲಸಕ್ಕೂ ಅಲ್ಲ. ನೀನಿಲ್ಲದೆ ನನಗೆ ಬೇಜಾರು, ಅಷ್ಟೇ. ಇದನ್ನು ಬರೆಯಲು ನಾಲ್ಕು ತಿಂಗಳು ಬೇಕಾಯಿತು ನೋಡು. ಹದಿನಾಲ್ಕು, ಶನಿವಾರ, ಬಾ. ಮಾತಾಡದೆ ಕೂತರೂ ಸರಿ.

ಧನು


ಚನ್ನಪಟ್ಟಣ
6 ಫೆಬ್ರವರಿ 2026

ಧನು,

ಶನಿವಾರ ಬಾ ಎಂದು ಬರೆದಿದ್ದೀಯ. ಎಲ್ಲಿಗೆ ಎಂದು ಬರೆದಿಲ್ಲ, ಎಷ್ಟು ಹೊತ್ತಿಗೆ ಎಂದೂ ಬರೆದಿಲ್ಲ. ಕುದೂರಿಗೋ, ಕಾಲೇಜಿಗೋ, ರಾಮನಗರದ ಬಸ್ ಸ್ಟ್ಯಾಂಡಿಗೋ, ನಾನೇ ಒಂದು ಊಹೆ ಮಾಡಿಕೊಂಡು ಹೊರಟುಬಿಡಬಹುದು. ನಿನ್ನನ್ನು ಬಲ್ಲೆ, ಬಹುಶಃ ಸರಿಯಾಗಿಯೇ ಇರುತ್ತದೆ.

ಊಹಿಸುವುದಿಲ್ಲ. ಕೇಳುತ್ತಿದ್ದೇನೆ, ಎಲ್ಲಿಗೆ ಬರಲಿ?

ಖುರ್ಷಿದಾ